ಎಲ್4-ಎಲ್5 ಜಾರಿದೆ, ದುರ್ಬೀನಿನಲ್ಲೇ ಫ್ಯೂಷನ್ ಮಾಡೋಣ ಅಂತಾರೆ. ಅವ್ವನಿಗೆ ಮಾಡಿಸಬೇಕಾ?

ಇಳಕಲ್_ಸೆರಗು

ಎಲ್ಲರಿಗೂ ನಮಸ್ಕಾರ. ಅವ್ವನಿಗೆ 61 ವರ್ಷ. ಇಳಕಲ್‌ನಲ್ಲಿ ನಮ್ಮದು ಕೈಮಗ್ಗದ ಮನೆ. ಮದುವೆಯಾಗಿ ಬಂದಾಗಿನಿಂದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ದವಳು. ಸೊಂಟ ನೋವು ಹಳೆಯದು, ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ದೀಪಾವಳಿ ಆದ ಮೇಲೆ ನೋವು ಎಡಗಾಲಿಗೆ ಇಳಿದಿದೆ. ಸಂತೆಗೆ ಹೊರಟರೆ ಅರ್ಧ ದಾರಿಯಲ್ಲೇ ಕಾಲು ಭಾರ, ಜುಮುಜುಮು. ಯಾರದಾದರೂ ಕಟ್ಟೆ ಮೇಲೆ ಕೂತರೆ ಇಳಿಯುತ್ತದೆ. ಎದ್ದು ನಡೆದರೆ ಮತ್ತೆ ಅದೇ ಕಥೆ.

ಎಂಆರ್‌ಐ ಆಗಿದೆ. ಬೆನ್ನುಮೂಳೆಯ ಕೆಳಭಾಗದ ಎಲ್4 ಎಲುಬು ಅದರ ಕೆಳಗಿನ ಎಲ್5 ಮೇಲೆ ಸ್ವಲ್ಪ ಮುಂದೆ ಜಾರಿದೆ, ಗ್ರೇಡ್ 1, ಅಂದರೆ ಕಡಿಮೆ ಜಾರಿಕೆ. ಅಲ್ಲಿ ನರದ ದಾರಿ ಕಿರಿದಾಗಿದೆ. ಜೊತೆಗೆ ಮೇಲೆ ಕೆಳಗೆ ಎರಡು ಕಡೆ ಡಿಸ್ಕ್ (ಎಲುಬುಗಳ ನಡುವಿನ ಮೆತ್ತೆ) ಉಬ್ಬಿದೆ ಅಂತ ಬರೆದಿದ್ದಾರೆ. ಶುಗರ್ ಇದೆ.

ಮೂರು ಡಾಕ್ಟರು, ಮೂರು ಮಾತು. ಬಾಗಲಕೋಟೆಯವರು ಮಾತ್ರೆ, ಫಿಸಿಯೋ ಮಾಡಿ ನೋಡೋಣ ಅಂದರು. ಬೆಳಗಾವಿಯ ಒಬ್ಬರು ದುರ್ಬೀನಿನಿಂದ (ಎಂಡೋಸ್ಕೋಪ್, ಒಳಗೆ ಬಿಡುವ ಚಿಕ್ಕ ಕ್ಯಾಮೆರಾ) ಫ್ಯೂಷನ್, ಅಂದರೆ ಸ್ಕ್ರೂ ಹಾಕಿ ಎರಡು ಎಲುಬು ಬೆಸೆಯುವ ಆಪರೇಷನ್ ಮಾಡೋಣ, ಚಿಕ್ಕ ರಂಧ್ರ, ಮರುದಿನ ನಡೆಸುತ್ತೇವೆ ಅಂದರು. ಇನ್ನೊಬ್ಬರು ಸ್ಕ್ರೂ ಬೇಡ, ಒತ್ತಡ ತೆಗೆದು ನರ ಬಿಡಿಸಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ? ಮಾಡಿಸಿಕೊಂಡವರು ಇದ್ದರೆ ಹೇಳಿ.

ಸ್ಟೇರಿಂಗ್_ಕಾಕಾ

ತಮ್ಮಾ, ನಾನು ವಿಜಯಪುರದವನು, ಸರಕಾರಿ ಬಸ್ ಓಡಿಸಿ ನಿವೃತ್ತನಾದವನು. 2011ರಲ್ಲಿ ನನಗೆ ಇದೇ ಜಾಗಕ್ಕೆ ಸ್ಕ್ರೂ ಹಾಕಿದರು. ಆಗ ನಮ್ಮ ಕಡೆ ದುರ್ಬೀನು ಗಿರ್ಬೀನು ಯಾರೂ ಹೇಳುತ್ತಿರಲಿಲ್ಲ. ಬೆನ್ನ ಮೇಲೆ ಗೇಣುದ್ದ ಗೆರೆ ಇದೆ. ರಕ್ತ ಬೇರೆ ಏರಿಸಿದರು. ಎದ್ದು ಸರಿಯಾಗಿ ಕೂರುವಷ್ಟರಲ್ಲಿ ವಾರ ಹತ್ತಿರ ಬಂದಿತ್ತು. ಕಾಲಿನ ಎಳೆತ ಹೋಯಿತು, ಅದರಲ್ಲಿ ಎರಡು ಮಾತಿಲ್ಲ. ಸೊಂಟ ನೋವು ಅರ್ಧ ಹಾಗೇ ಉಳಿದಿದೆ. ಈಗ ಚಿಕ್ಕ ರಂಧ್ರದಲ್ಲೇ ಆಗುವುದಾದರೆ ಯಾಕೆ ಬೇಡ ಅನ್ನಬೇಕು?

ಬಿಸಿಲು_ಬಿಜಾಪುರ

ಕಾಕಾ, ರಂಧ್ರ ಚಿಕ್ಕದು ಅಂದ ಮಾತ್ರಕ್ಕೆ ಆಪರೇಷನ್ ಚಿಕ್ಕದಾಗುವುದಿಲ್ಲ. ಒಳಗೆ ತೆಗೆಯುವುದು ಅದೇ ಡಿಸ್ಕ್, ಹಾಕುವುದು ಅದೇ ಸ್ಕ್ರೂ. ಫೇಸ್‌ಬುಕ್ ತೆರೆದರೆ ಸಾಕು, "ಹೊಲಿಗೆ ಇಲ್ಲ, ಬೆಡ್ ರೆಸ್ಟ್ ಇಲ್ಲ, ಬೆಳಗ್ಗೆ ಆಪರೇಷನ್, ಸಂಜೆ ಮನೆ" ಅಂತ ಜಾಹೀರಾತು. ಅವು ಹೆಚ್ಚಾಗಿ ಜಾರಿದ ಡಿಸ್ಕ್ ತುಂಡು ತೆಗೆಯುವುದಕ್ಕೆ ಸಂಬಂಧಿಸಿದ್ದು. ಫ್ಯೂಷನ್ ಬೇರೆ. ಜನ ಎರಡನ್ನೂ ಒಂದೇ ಅಂದುಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಆಸ್ಪತ್ರೆಯವರೂ ತಿದ್ದುವುದಿಲ್ಲ.

ಕಬ್ಬಿನ_ಗದ್ದೆ_ಮುಧೋಳ

ಮೊದಲು ಎಣ್ಣೆ ಹಚ್ಚಿಸಿ ನೋಡಿ ಅಣ್ಣಾರ. ನಮ್ಮೂರ ಪಕ್ಕ ಒಬ್ಬ ಅಜ್ಜ ಇದ್ದಾನೆ, ಸೊಂಟಕ್ಕೆ ಕಾಲಿಟ್ಟು ಒತ್ತುತ್ತಾನೆ. ನನ್ನ ಚಳಕು ಒಂದೇ ಸಲಕ್ಕೆ ಬಿಟ್ಟಿತು.

ಎಲುಬು_ನರ

ಮುಧೋಳದ ಅಣ್ಣಾರಿಗೆ: ಸ್ನಾಯು ಹಿಡಿದ ಚಳಕು ತಾನಾಗಿಯೇ ಬಿಡುತ್ತದೆ, ಅಜ್ಜನ ಕಾಲು ಇದ್ದರೂ ಇಲ್ಲದಿದ್ದರೂ. ಇಲ್ಲಿ ಎಲುಬು ಜಾರಿದೆ, ನರ ಒತ್ತಿದೆ, ವಯಸ್ಸು 61. ದಯವಿಟ್ಟು ಯಾರ ಕಾಲಿನ ಕೆಳಗೂ ಮಲಗಿಸಬೇಡಿ.

ನಾನು ಎಲುಬಿನ ಡಾಕ್ಟರು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಇಲ್ಲಿ ಪೇಷಂಟ್ ಹುಡುಕಲು ಬಂದಿಲ್ಲ. ಫ್ಯೂಷನ್ ಅಂದರೆ ಏನು ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ರಂಧ್ರದ ಮಾತು.

ಜಾರಿದ ಎರಡು ಮಣಿ ಎಲುಬುಗಳನ್ನು ಒಂದೇ ಎಲುಬಾಗಿ ಬೆಳೆಯುವಂತೆ ಮಾಡುವುದೇ ಫ್ಯೂಷನ್. ನಡುವಿನ ಡಿಸ್ಕ್ ತೆಗೆಯುತ್ತಾರೆ. ಮೇಲಿನ, ಕೆಳಗಿನ ಎಲುಬಿನ ಮುಖವನ್ನು ರಕ್ತ ಜಿನುಗುವಷ್ಟು ಕೆರೆಯುತ್ತಾರೆ. ಆ ಸಂದಿಯಲ್ಲಿ ಟೈಟಾನಿಯಂ ಅಥವಾ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕೇಜ್ (ಒಳಗೆ ಟೊಳ್ಳಿರುವ ಚಿಕ್ಕ ಚೌಕಟ್ಟು) ಇಡುತ್ತಾರೆ. ಅದರ ಒಳಗೂ ಸುತ್ತಲೂ ಎಲುಬಿನ ಪುಡಿ ತುಂಬುತ್ತಾರೆ. ಆ ಪುಡಿ ಹೆಚ್ಚಾಗಿ ಅದೇ ಜಾಗದಲ್ಲಿ ಕೊರೆದು ತೆಗೆದ ರೋಗಿಯದೇ ಎಲುಬು. ಹಿಂದಿನಿಂದ ಸಾಮಾನ್ಯವಾಗಿ ನಾಲ್ಕು ಸ್ಕ್ರೂ, ಎರಡು ರಾಡ್. ಸ್ಕ್ರೂ ಬರೀ ಹಿಡಿದುಕೊಂಡಿರುತ್ತದೆ. ನಿಜವಾದ ಬೆಸುಗೆ ಎಲುಬಿನದು. ಅದಕ್ಕೆ 6ರಿಂದ 12 ತಿಂಗಳು ಬೇಕು. ಈ ಲೆಕ್ಕ ತೆರೆದ ಆಪರೇಷನ್‌ಗೂ ಅದೇ, ದುರ್ಬೀನಿಗೂ ಅದೇ. ಎಲುಬಿಗೆ ಕ್ಯಾಮೆರಾ ಗೊತ್ತಿಲ್ಲ.

ಇನ್ನು ದಾರಿ. ಹಿಂದಿನ ಪಕ್ಕದಿಂದ ಒಂದೇ ಕಡೆ ಒಳಹೋಗಿ ಕೇಜ್ ಇಡುವ ವಿಧಾನಕ್ಕೆ ಟಿಎಲ್‌ಐಎಫ್ ಅನ್ನುತ್ತೇವೆ. ಜರ್ಮನಿಯ ಯುರ್ಗೆನ್ ಹಾರ್ಮ್ಸ್ 1982ರಲ್ಲಿ ಅದನ್ನು ಬರೆದರು. ಆಗ ಬೆನ್ನಿನ ಸ್ನಾಯುವನ್ನು ಎಲುಬಿನಿಂದ ಬಿಡಿಸಿ, ಗಂಟೆಗಟ್ಟಲೆ ಎಳೆದು ಹಿಡಿಯಬೇಕಿತ್ತು. ಕಾಕಾ ಅವರ ಉಳಿದ ಸೊಂಟ ನೋವಿನಲ್ಲಿ ಆ ಸ್ನಾಯುವಿನ ಪಾಲೂ ಇರಬಹುದು. ಆಮೇಲೆ ಕೊಳವೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ಮಾಡುವುದು ಬಂತು. ಈಗ ದುರ್ಬೀನು. ಅದರಲ್ಲಿ ಎರಡು ಬಗೆ. ಒಂದೇ ರಂಧ್ರದಲ್ಲಿ ಕ್ಯಾಮೆರಾ, ಸಲಕರಣೆ ಎರಡೂ ಹೋಗುವುದು ಒಂದು. ಎರಡು ರಂಧ್ರ ಮಾಡಿ ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಸಲಕರಣೆ ಇನ್ನೊಂದು. ಎರಡರಲ್ಲೂ ಸಲೈನ್ ನೀರು ಹರಿಯುತ್ತಲೇ ಇರುತ್ತದೆ. ನೀರಿನಿಂದ ರಕ್ತ ತೊಳೆದುಹೋಗಿ ನರ ಟಿವಿಯಲ್ಲಿ ದೊಡ್ಡದಾಗಿ, ಸ್ವಚ್ಛವಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಆ ನೋಟ ಒಮ್ಮೆ ಕಂಡವರಿಗೆ ಹಳೆಯದಕ್ಕೆ ಮರಳುವ ಮನಸ್ಸಾಗುವುದಿಲ್ಲ.

"ಒಂದೇ ರಂಧ್ರ" ಅಂತ ಯಾರಾದರೂ ಅಂದರೆ ಸ್ಕ್ರೂ ಎಲ್ಲಿಂದ ಹಾಕುತ್ತೀರಿ ಅಂತ ಕೇಳಿ. ಎರಡೂ ಪಕ್ಕ ಸ್ಕ್ರೂ ಬೇಕಲ್ಲ. ಸಾಮಾನ್ಯವಾಗಿ ಬೆನ್ನ ಮೇಲೆ ನಾಲ್ಕು ಚಿಕ್ಕ ಗಾಯ ಆಗುತ್ತವೆ. ಕೇಜ್ ಹೋಗುವ ಕಡೆ ಗಾಯ ಸ್ವಲ್ಪ ಉದ್ದ.

ಅಥಣಿ_ಎಕ್ಸ್‌ಪ್ರೆಸ್

ನಮ್ಮ ಕಡೆಯವರು ಇದಕ್ಕೆಲ್ಲ ಮಿರಜಿಗೆ ಹೋಗುತ್ತಾರೆ. ಅಲ್ಲಿ ಕೇಳಿದ್ರಾ?

ಬಿಸಿಲು_ಬಿಜಾಪುರ

ಮಿರಜಿಗೆ ಹೋದರೆ ನಾಲ್ಕನೇ ಅಭಿಪ್ರಾಯ ಸಿಗುತ್ತದೆ ಅಷ್ಟೇ 😄

ಡಾಕ್ಟರ್ ಸರ್, ಒಂದು ಮಾತು ನೇರವಾಗಿ ಕೇಳುತ್ತೇನೆ. ಇವರ ಅವ್ವನಿಗೆ ಫ್ಯೂಷನ್ ಬೇಕೇ ಬೇಕಾ? 2021ರಲ್ಲಿ ನಾರ್ವೆಯವರ ಅಧ್ಯಯನ ಬಂತು. ವಯಸ್ಸಿನಿಂದ ಎಲುಬು ಜಾರಿ, ನರದ ದಾರಿ ಕಿರಿದಾದ 267 ಜನ. ಅರ್ಧ ಜನಕ್ಕೆ ಬರೀ ನರ ಬಿಡಿಸಿದರು, ಅರ್ಧ ಜನಕ್ಕೆ ನರ ಬಿಡಿಸಿ ಸ್ಕ್ರೂ ಹಾಕಿದರು. ಎರಡು ವರ್ಷ ಬಿಟ್ಟು ನೋಡಿದರೆ ಎರಡೂ ಕಡೆ ಶೇ 70ಕ್ಕಿಂತ ತುಸು ಜಾಸ್ತಿ ಜನ ಚೆನ್ನಾಗಿ ಸುಧಾರಿಸಿದ್ದರು. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. 2016ರಲ್ಲಿ ಸ್ವೀಡನ್ನಿನವರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಹೀಗಿದ್ದ ಮೇಲೆ ಇಲ್ಲಿ ಎಲ್ಲರೂ ಮಾತಾಡುತ್ತಿರುವುದು ರಂಧ್ರ ಎಷ್ಟು ದೊಡ್ಡದು ಅಂತ. ಸ್ಕ್ರೂ ಬೇಕಾ ಅಂತ ಕೇಳುವವರೇ ಇಲ್ಲ.

ಎಲುಬು_ನರ

ಸರಿಯಾದ ಪ್ರಶ್ನೆ. ಆದರೆ ಅರ್ಧ ಚಿತ್ರ ತೋರಿಸಿದಿರಿ. ಅದೇ 2016ರಲ್ಲಿ, ಆ ಸ್ವೀಡನ್ ಅಧ್ಯಯನ ಬಂದ ವೈದ್ಯಕೀಯ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಅಮೆರಿಕದ ಇನ್ನೊಂದು ಅಧ್ಯಯನವೂ ಬಂತು. ಚಿಕ್ಕದು, 66 ಜನ. ಅಲ್ಲಿ ಬರೀ ನರ ಬಿಡಿಸಿದವರಲ್ಲಿ ಶೇ 34 ಜನಕ್ಕೆ ನಾಲ್ಕು ವರ್ಷದೊಳಗೆ ಮತ್ತೆ ಆಪರೇಷನ್ ಆಯಿತು. ಫ್ಯೂಷನ್ ಆದವರಲ್ಲಿ ಶೇ 14. ಹಾಗಾಗಿ ಇಬ್ಬರು ಪ್ರಾಮಾಣಿಕ ಸರ್ಜನ್‌ಗಳು ಒಂದೇ ಎಂಆರ್‌ಐ ನೋಡಿ ಬೇರೆ ಬೇರೆ ಹೇಳಬಹುದು. ಅದಕ್ಕೆ ಮೋಸ ಅನ್ನಬೇಕಾಗಿಲ್ಲ.

ನಾನು ಏನು ನೋಡುತ್ತೇನೆ ಹೇಳಲಾ? ಎಲುಬು ಅಲ್ಲಾಡುತ್ತಿದೆಯಾ ಇಲ್ಲವಾ. ಎಂಆರ್‌ಐ ಮಲಗಿಸಿ ತೆಗೆಯುವುದು. ಮಲಗಿದಾಗ ಜಾರಿದ ಎಲುಬು ಎಷ್ಟೋ ಸಲ ತನ್ನ ಜಾಗಕ್ಕೆ ವಾಪಸ್ ಬಂದಿರುತ್ತದೆ. ನಿಂತು, ಮುಂದೆ ಬಾಗಿ, ಹಿಂದೆ ಬಾಗಿ ತೆಗೆದ ಎಕ್ಸ್‌ರೇ ಬೇಕು. ಕೆಲವು ನೂರು ರೂಪಾಯಿ ಖರ್ಚು. ಅದು ಇಲ್ಲದೆ ಸ್ಕ್ರೂ ಹಾಕೋಣ ಅಂದರೂ ಅವಸರ, ಸ್ಕ್ರೂ ಬೇಡ ಅಂದರೂ ಅವಸರ.

ಬಾಗಿದಾಗ ಎಲುಬು ಚೆನ್ನಾಗಿ ಸರಿಯುತ್ತಿದ್ದರೆ, ಸೊಂಟದ ನೋವೇ ಕಾಲಿಗಿಂತ ಜಾಸ್ತಿ ಇದ್ದರೆ, ನರ ಬಿಡಿಸಲು ಕೀಲನ್ನೇ ಬಹಳಷ್ಟು ಕೊರೆಯಬೇಕಾಗಿ ಬಂದರೆ, ಆಗ ನಾನು ಫ್ಯೂಷನ್ ಕಡೆ ವಾಲುತ್ತೇನೆ. ಎಲುಬು ಗಟ್ಟಿಯಾಗಿ ನಿಂತಿದ್ದು ಕಾಲಿನದೇ ತೊಂದರೆ ಅಂದರೆ ನರ ಬಿಡಿಸಿ ಬಿಡುತ್ತೇನೆ. ಅದನ್ನೂ ದುರ್ಬೀನಿನಲ್ಲಿ ಮಾಡಬಹುದು. ದುರ್ಬೀನು ಅಂದರೆ ಫ್ಯೂಷನ್ನೇ ಅಂತ ಇಲ್ಲ.

ಇಳಕಲ್‌ನವರೇ, ಆ ಎಕ್ಸ್‌ರೇ ಆಗಿದೆಯಾ?

ಇಳಕಲ್_ಸೆರಗು

ಇಲ್ಲ ಸರ್. ಎಂಆರ್‌ಐ ಒಂದೇ. ಅದನ್ನೇ ಮೂವರೂ ನೋಡಿದ್ದು. ಆ ಉಬ್ಬಿದ ಇನ್ನೆರಡು ಡಿಸ್ಕ್ ಬಗ್ಗೆ ಅವ್ವ ಬಹಳ ಹೆದರಿದ್ದಾಳೆ. "ಮೂರೂ ಕೆಟ್ಟಿವೆಯಂತೆ" ಅಂತ ಓಣಿಗೆಲ್ಲ ಹೇಳಿದ್ದಾಳೆ.

ಫಿಸಿಯೋ_ವೈನಿ

ಅವ್ವನಿಗೆ ಹೇಳಿ, ಓಣಿಯಲ್ಲಿ ಅವಳ ವಯಸ್ಸಿನ ಎಲ್ಲರಿಗೂ ಎಂಆರ್‌ಐ ಮಾಡಿಸಿದರೆ ಮುಕ್ಕಾಲು ಪಾಲು ಜನಕ್ಕೆ ಅದೇ ಬರುತ್ತದೆ. ತಮಾಷೆ ಮಾಡುತ್ತಿಲ್ಲ. ನೋವೇ ಇಲ್ಲದ ಸಾವಿರಾರು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದ್ದರು. 20 ವರ್ಷದವರಲ್ಲೇ ಶೇ 30 ಜನಕ್ಕೆ ಡಿಸ್ಕ್ ಉಬ್ಬಿತ್ತು. 80ರ ಹೊತ್ತಿಗೆ ಶೇ 84. ನೋವು ಇಲ್ಲದವರಿಗೆ, ನೆನಪಿಡಿ. ಎಂಆರ್‌ಐ ಕಾಗದಕ್ಕೆ ಚಿಕಿತ್ಸೆ ಕೊಡುವುದಲ್ಲ, ಮನುಷ್ಯರಿಗೆ ಕೊಡುವುದು.

ನಾನು ಬೆಳಗಾವಿಯಲ್ಲಿ ಫಿಸಿಯೋ. ನಮ್ಮಲ್ಲಿಗೆ ಪವರ್‌ಲೂಮ್‌ನವರು, ಫೌಂಡ್ರಿಯವರು, ಟ್ರ್ಯಾಕ್ಟರ್ ಓಡಿಸುವವರು ಬಹಳ ಬರುತ್ತಾರೆ. ನಡೆದರೆ ಕಾಲು ಭಾರ, ಕೂತರೆ ಸರಿ ಅನ್ನುವವರಿಗೆ ನಾನು ಮೊದಲು ಕೇಳುವುದು ಒಂದು: ಸುಮ್ಮನೆ ನಿಂತರೂ ಸರಿಹೋಗುತ್ತದಾ, ಅಥವಾ ಕೂರಲೇಬೇಕಾ? ನರದ ದಾರಿ ಕಿರಿದಾಗಿದ್ದರೆ ನಿಂತರೆ ಸಾಲದು, ಕೂರಬೇಕು, ಇಲ್ಲವೇ ಮುಂದೆ ಬಾಗಬೇಕು. ಬಾಗಿದಾಗ ಬೆನ್ನಿನ ಆ ದಾರಿ ಅಗಲವಾಗುತ್ತದೆ. ಅದಕ್ಕೇ ಇಂಥವರಿಗೆ ಒಂದು ಫರ್ಲಾಂಗ್ ನಡೆಯಲು ಆಗುವುದಿಲ್ಲ, ಸೈಕಲ್ ಮಾತ್ರ ಆರಾಮಾಗಿ ತುಳಿಯುತ್ತಾರೆ. ನಿಂತ ತಕ್ಷಣವೇ ಸರಿಹೋದರೆ ಕಾಲಿನ ರಕ್ತನಾಳ ನೋಡಿಸಬೇಕು. ನಿಮ್ಮ ಅವ್ವನಿಗೆ ಶುಗರ್ ಇದೆ, ಪಾದದ ನಾಡಿ ಒಮ್ಮೆ ನೋಡಿಸಿ. ಬೆನ್ನಿಗೆ ಸ್ಕ್ರೂ ಹಾಕಿ ಆದ ಮೇಲೆ ತೊಂದರೆ ರಕ್ತನಾಳದ್ದು ಅಂತ ಗೊತ್ತಾದರೆ ಏನು ಮಾಡುವುದು?

ಕಾಲು ಸೋತಿಲ್ಲ, ಮೂತ್ರದ ತೊಂದರೆ ಇಲ್ಲ ಅಂದರೆ 6ರಿಂದ 12 ವಾರ ಸರಿಯಾದ ವ್ಯಾಯಾಮ ಕೊಟ್ಟು ನೋಡುವುದರಲ್ಲಿ ನಷ್ಟ ಇಲ್ಲ. ಸರಿಯಾದ ಅಂದೆ. ಕರೆಂಟ್ ಹಿಡಿಸಿಕೊಂಡು, ಹತ್ತು ನಿಮಿಷ ಟ್ರ್ಯಾಕ್ಷನ್ ಹಾಕಿಸಿಕೊಂಡು ಬರುವುದಲ್ಲ. ಹೊಟ್ಟೆ, ಪೃಷ್ಠದ ಸ್ನಾಯು ಗಟ್ಟಿ ಮಾಡುವುದು, ಮೊಣಕಾಲು ಎದೆಗೆ ಎಳೆಯುವುದು, ನಿಂತಲ್ಲೇ ತುಳಿಯುವ ಸೈಕಲ್. ಮತ್ತೆ ಸೊಂಟದ ಬೆಲ್ಟ್ ಇದ್ದರೆ ಹಗಲು ರಾತ್ರಿ ಕಟ್ಟಿಸಬೇಡಿ. ಬೆಲ್ಟ್ ಕೆಲಸ ಮಾಡಿದರೆ ಸ್ನಾಯು ರಜೆ ಹಾಕುತ್ತದೆ.

ಮಜ್ಜಿಗೆ_ಮೆಣಸಿನಕಾಯಿ

ಮಾಡಿಸಿಕೊಂಡವರು ಹೇಳಿ ಅಂದಿರಿ, ಹೇಳುತ್ತೇನೆ. ನನಗೆ 54. ಬೆಳಗಾವಿಯಲ್ಲೇ, ಎರಡು ರಂಧ್ರದ ದುರ್ಬೀನು ಫ್ಯೂಷನ್, ಎಲ್4-ಎಲ್5. ಹೋದ ವರ್ಷ ಮಳೆಗಾಲದಲ್ಲಿ ಆಯಿತು. ನನ್ನ ಎಲುಬು ಬಾಗಿದಾಗ ಎಕ್ಸ್‌ರೇಯಲ್ಲಿ ಎದ್ದು ಕಾಣುವಷ್ಟು ಸರಿಯುತ್ತಿತ್ತು. ಮಗ್ಗುಲು ಬದಲಿಸಿದರೆ ಜೀವ ಹೋಗುತ್ತಿತ್ತು. ಫಿಸಿಯೋ ಎಲ್ಲ ಮಾಡಿ ಮುಗಿದಿತ್ತು.

ಮರುದಿನ ನಡೆಸಿದರು, ಅದು ನಿಜ. ವಾಕರ್ ಹಿಡಿದು ಬಾತ್‌ರೂಮ್ ತನಕ. ಗಾಯದ ನೋವು ನಾನು ಹೆದರಿದಷ್ಟು ಇರಲಿಲ್ಲ. ಆದರೆ ಎಡಗಾಲಿನಲ್ಲಿ ಹೊಸದೊಂದು ಶುರುವಾಯಿತು. ತೊಡೆಯ ಮುಂಭಾಗದಿಂದ ಮೊಣಕಾಲಿನ ಕೆಳಗಿನ ತನಕ ಉರಿ. ಸೀರೆಯ ನೆರಿಗೆ ತಾಗಿದರೂ ಮೆಣಸಿನಪುಡಿ ಸವರಿದ ಹಾಗೆ. ಇದನ್ನು ಯಾರೂ ಮೊದಲು ಹೇಳಿರಲಿಲ್ಲ. ಕೇಳಿದರೆ "ನರಕ್ಕೆ ಸ್ವಲ್ಪ ಕಿರಿಕಿರಿ ಆಗಿದೆ, ಇಳಿಯುತ್ತದೆ" ಅಂದರು. ಇಳಿಯಿತು, ಆದರೆ ದಸರಾ ತನಕ ಕಾಡಿತು. ನನಗೆ ಸಿಟ್ಟು ಉರಿಯ ಮೇಲಲ್ಲ. ಹೀಗೆ ಆಗಬಹುದು ಅಂತ ಒಂದು ಮಾತು ಹೇಳಿದ್ದರೆ ರಾತ್ರಿಯೆಲ್ಲ ಕಾಲು ಹೋಯಿತು ಅಂತ ಅಳುತ್ತಿರಲಿಲ್ಲ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಇತ್ತಂತೆ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷ್‌ನಲ್ಲಿ.

ಮನೆಯ ವಿಷಯ ಯಾರೂ ಹೇಳುವುದಿಲ್ಲ, ಅದನ್ನು ಹೇಳುತ್ತೇನೆ. ಮಂಚ ಬೇಕು, ನೆಲದ ಹಾಸಿಗೆ ಆಗುವುದಿಲ್ಲ. ಏಳುವಾಗ ಮೈಯೆಲ್ಲ ಒಟ್ಟಿಗೆ ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಇದನ್ನು ಆಪರೇಷನ್‌ಗೆ ಮೊದಲೇ ಕಲಿಸಿ. ಕಮೋಡ್ ಇಲ್ಲದಿದ್ದರೆ ಮೊದಲೇ ಕಮೋಡ್ ಕುರ್ಚಿ ತಂದಿಡಿ. ಒಲೆ ಮುಂದೆ ನೆಲಕ್ಕೆ ಕೂತು ರೊಟ್ಟಿ ಬಡಿಯುವುದು ಬಂದ್. ಕಟ್ಟೆ ಮೇಲೆ ಗ್ಯಾಸ್ ಇಟ್ಟು ನಿಂತು ಬಡಿಯಬೇಕು, ಅದೂ ಮೂರು ತಿಂಗಳಾದ ಮೇಲೆ. ಕೊಡ ಎತ್ತುವುದು, ಬಾಗಿ ಕಸ ಗುಡಿಸುವುದು, ಸೊಂಟ ತಿರುಗಿಸುವುದು ಮೂರೂ ಬೇಡ ಅಂದಿದ್ದರು. ಸೊಸೆ ಇದ್ದವರು ಬಚಾವ್. ನನಗೆ ಇಬ್ಬರೂ ಗಂಡುಮಕ್ಕಳು, ಒಬ್ಬನಿಗೂ ರೊಟ್ಟಿ ಬರುವುದಿಲ್ಲ. ಖಾನಾವಳಿ ಡಬ್ಬಿ ಹಚ್ಚಿದೆವು.

ಈಗ ಹೇಗಿದ್ದೇನೆ? ಸವದತ್ತಿ ಗುಡ್ಡಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಹಿಂದಿನ ಸೀಟು ಮಾತ್ರ ಬೇಡ.

ಎಲುಬು_ನರ

ಅಕ್ಕಾರ, ನೀವು ಹೇಳಿದ ಉರಿ ಈ ಆಪರೇಷನ್‌ನ ಗೊತ್ತಿರುವ ತೊಂದರೆ. ಪಕ್ಕದಿಂದ ಒಳಗೆ ಹೋಗುವಾಗ ಒಂದು ಚಿಕ್ಕ ತ್ರಿಕೋನದ ಜಾಗ ಸಿಗುತ್ತದೆ. ಪರ್ವಿಜ್ ಕಾಂಬಿನ್ ಎಂಬ ಸರ್ಜನ್ ವಿವರಿಸಿದ್ದರಿಂದ ಕಾಂಬಿನ್ ತ್ರಿಕೋನ ಅನ್ನುತ್ತೇವೆ. ಅದರ ಓರೆ ಗೆರೆಯೇ ಮೇಲಿನ ಮಟ್ಟದಲ್ಲಿ ಹೊರಬರುವ ನರ. ಎಲ್4-ಎಲ್5ನಲ್ಲಿ ಅದು ಎಲ್4 ನರ, ತೊಡೆಯ ಮುಂಭಾಗಕ್ಕೆ, ಮೊಣಕಾಲಿನ ಕಡೆಗೆ ಹೋಗುವುದು. ಕೇಜ್ ಅದರ ಪಕ್ಕದಲ್ಲೇ ಹಾದುಹೋಗಬೇಕು. ತಾಗಿದರೆ, ಎಳೆದರೆ ಉರಿ. ಹೆಚ್ಚಿನವರಿಗೆ ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಎರಡು ರಂಧ್ರದ ವಿಧಾನದಲ್ಲಿ ಕೀಲಿನ ಎಲುಬು ಕೊರೆದು ಜಾಗ ಮಾಡಿಕೊಳ್ಳುವುದರಿಂದ ಒಂದು ರಂಧ್ರದ್ದಕ್ಕಿಂತ ಸ್ವಲ್ಪ ಸಡಿಲ ಸಿಗುತ್ತದೆ. ಆದರೂ ಅಪಾಯ ಇದ್ದೇ ಇದೆ, ಮತ್ತು ಮೊದಲೇ ಹೇಳಬೇಕು. ಕನ್ನಡದಲ್ಲಿ.

ಉಳಿದವೂ ಕೇಳಿಬಿಡಿ. ನರದ ಪೊರೆ ಹರಿಯಬಹುದು. ಸ್ಕ್ರೂ ತಪ್ಪು ದಾರಿ ಹಿಡಿಯಬಹುದು. ಎಲುಬು ಟೊಳ್ಳಾಗಿದ್ದರೆ ಕೇಜ್ ಒಳಗೆ ಕುಸಿಯಬಹುದು, ಹಿಂದಕ್ಕೆ ಸರಿಯಬಹುದು. ಕೀವು ಆಗಬಹುದು, ಆದರೆ ನೀರು ಹರಿಯುತ್ತಿರುವುದರಿಂದ ದುರ್ಬೀನಿನಲ್ಲಿ ಅದು ಕಡಿಮೆ. ನೀರಿನ ಒತ್ತಡ ಜಾಸ್ತಿಯಾದರೆ ಕುತ್ತಿಗೆ, ತಲೆ ನೋವು ಬರುತ್ತದೆ. ಎಲುಬು ಬೆಸೆಯದೇ ಉಳಿಯಬಹುದು. ವರ್ಷಗಳ ಮೇಲೆ ಪಕ್ಕದ ಗಂಟು, ಅಂದರೆ ಬೆಸೆದ ಜಾಗದ ಮೇಲಿನ ಇಲ್ಲವೇ ಕೆಳಗಿನ ಕೀಲು, ಸವೆಯಬಹುದು.

ದುರ್ಬೀನಿನಿಂದ ಸಿಗುವ ಲಾಭ ಏನಂದರೆ ರಕ್ತ ಕಡಿಮೆ ಹೋಗುತ್ತದೆ, ಮೊದಲ ವಾರಗಳ ಬೆನ್ನು ನೋವು ಕಡಿಮೆ, ಆಸ್ಪತ್ರೆಯಿಂದ ಬೇಗ ಮನೆಗೆ. ಆಪರೇಷನ್ ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಕೊಳವೆ ಇಟ್ಟು ಮಾಡಿದ್ದಕ್ಕೆ ಹೋಲಿಸಿದರೆ ಒಂದು ವರ್ಷದ ಹೊತ್ತಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತಾರೆ. ಬೆಸುಗೆಯ ಪ್ರಮಾಣವೂ ಹತ್ತಿರ ಹತ್ತಿರ. ಶುಗರ್ ಇದ್ದವರಿಗೆ, ವಯಸ್ಸಾದವರಿಗೆ ಆ ಮೊದಲ ವಾರಗಳ ಲಾಭ ದೊಡ್ಡದೇ.

ಇದು ಕೈ ಪಳಗಲು ಸಮಯ ಬೇಕಾದ ಕೆಲಸ. "ನೀವು ಸ್ವತಃ ದುರ್ಬೀನಿನಲ್ಲಿ ಎಷ್ಟು ಫ್ಯೂಷನ್ ಮಾಡಿದ್ದೀರಿ? ನಡುವೆ ತೊಂದರೆಯಾದರೆ ತೆರೆದು ಮಾಡುತ್ತೀರಾ?" ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರು ಆದರೆ ಎದ್ದು ಬನ್ನಿ.

ಕಬ್ಬಿನ_ಗದ್ದೆ_ಮುಧೋಳ

ಪಕ್ಕದ ಗಂಟು ಯಾಕೆ ಸವೆಯುತ್ತದೆ ಅಂತ ಕೇಳಬೇಕೆಂದಿದ್ದೆ, ನನಗೇ ಹೊಳೆಯಿತು. ಜೋಡಿಯಲ್ಲಿ ಒಂದು ಎತ್ತು ಎಳೆಯದಿದ್ದರೆ ನೊಗವೆಲ್ಲ ಇನ್ನೊಂದರ ಹೆಗಲಿಗೆ. ಸರಿನಾ ಡಾಕ್ಟ್ರೇ?

ಇನ್ನೊಂದು. ನಮ್ಮ ಅಣ್ಣನಿಗೂ ಇದೇ ಆಪರೇಷನ್ ಹೇಳಿದ್ದಾರೆ. ತಂಬಾಕು ಬಿಟ್ಟು ಬಾ ಅಂತ ವಾಪಸ್ ಕಳಿಸಿದರು. ಬೀಡಿ ಸೇದುವುದಿಲ್ಲ, ಬರೀ ಎಲೆ ತಂಬಾಕು ಹಾಕುತ್ತಾನೆ. ಬೆನ್ನಿಗೂ ಬಾಯಿಗೂ ಏನು ಸಂಬಂಧ?

ಎಲುಬು_ನರ

ಎತ್ತಿನ ಮಾತು ಸರಿ.

ತಂಬಾಕಿಗೆ ಸಂಬಂಧ ಇದೆ. ನಿಕೋಟಿನ್ ಸಣ್ಣ ರಕ್ತನಾಳ ಬಿಗಿ ಮಾಡುತ್ತದೆ. ಹೊಸ ಎಲುಬು ಬೆಳೆಯಲು ರಕ್ತ ಬೇಕು. ಸೇದಿದರೂ ಜಗಿದರೂ ಗುಟ್ಕಾ ಹಾಕಿದರೂ ನಿಕೋಟಿನ್ ರಕ್ತಕ್ಕೇ ಸೇರುವುದು. ಸೇದುವವರಲ್ಲಿ ಬೆಸುಗೆ ಕೂಡದಿರುವುದು ಜಾಸ್ತಿ ಅಂತ ಚೆನ್ನಾಗಿ ಗೊತ್ತಾಗಿದೆ. ವಾಪಸ್ ಕಳಿಸಿದ ಡಾಕ್ಟರನ್ನು ಬಿಡಬೇಡಿ, ಒಳ್ಳೆಯವರು. ನಿಪ್ಪಾಣಿಯ ತಂಬಾಕಿನ ಊರಿಗೆ ಇಷ್ಟು ಹತ್ತಿರ ಕೂತು ಈ ಮಾತು ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಸ್ಟೇರಿಂಗ್_ಕಾಕಾ

ನನಗೂ ಬಿಡಿಸಿದ್ದರು. ಆರು ತಿಂಗಳು ಬಿಟ್ಟೆ. ಮತ್ತೆ ಹಿಡಿದೆ. ಅದನ್ನು ಇಲ್ಲಿ ನನ್ನ ಮಗ ಓದುವುದಿಲ್ಲ ಅಂದುಕೊಂಡಿದ್ದೇನೆ.

ಕೌಂಟರ್_ನಂ_3

ದುಡ್ಡಿನ ಮಾತು ಯಾರೂ ಎತ್ತಿಲ್ಲ. ನಾನು ಒಂದು ಆಸ್ಪತ್ರೆಯ ಸ್ಕೀಮ್ ಕೌಂಟರ್‌ನಲ್ಲಿ ಕೂರುತ್ತೇನೆ. ಹೇಳುತ್ತೇನೆ ಕೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರಕಾರ ಕೊಡುತ್ತದೆ, ವರ್ಷದ ಮಿತಿ 1.5 ಲಕ್ಷ. ತುರ್ತು ಅಲ್ಲದ ದೊಡ್ಡ ಆಪರೇಷನ್‌ಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಜನ ನೇರವಾಗಿ ಖಾಸಗಿಗೆ ಬಂದು ಅಡ್ಮಿಟ್ ಆಗುತ್ತಾರೆ, ಆಮೇಲೆ ಕಾರ್ಡ್ ತೆಗೆಯುತ್ತಾರೆ. ಆಗ ನಾನೇನು ಮಾಡಲಿ? ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲೋ ಬೆಳಗಾವಿಯ ಬಿಮ್ಸ್ ಸರಕಾರಿ ಆಸ್ಪತ್ರೆಯಲ್ಲೋ ಮೊದಲು ತೋರಿಸಿ. ಅಲ್ಲೇ ಇನ್ನೊಂದು ಅಭಿಪ್ರಾಯವೂ ಸಿಕ್ಕಂತಾಗುತ್ತದೆ.

ನೇಕಾರರ ಸಹಕಾರ ಸಂಘದಲ್ಲಿ ಅವ್ವ ಸದಸ್ಯರಾ? ಹಾಗಿದ್ದರೆ ಸಹಕಾರಿಗಳ ಯಶಸ್ವಿನಿ ಆರೋಗ್ಯ ಯೋಜನೆ ಕೇಳಿ. 2022-23ರಲ್ಲಿ ಮತ್ತೆ ಶುರುವಾಗಿದೆ. ಆದರೆ ಆ ವರ್ಷದ ನೋಂದಣಿ ಸಮಯದಲ್ಲೇ ದುಡ್ಡು ಕಟ್ಟಿರಬೇಕು.

ಅಡ್ಮಿಟ್ ಆಗುವ ಮೊದಲು ನಮ್ಮಂಥವರ ಬಳಿ ಕೂತು ಕೇಳಬೇಕಾದ್ದು: ಡಾಕ್ಟರು ಬರೆದ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಕೇಜ್ ಮತ್ತು ಸ್ಕ್ರೂ ಅದರೊಳಗೆ ಸೇರಿದೆಯಾ, ದುರ್ಬೀನು ಅಂತ ಮೇಲೆ ಏನಾದರೂ ಹಾಕುತ್ತೀರಾ. ಬಾಯಿಮಾತು ಬೇಡ, ಬರೆಸಿಕೊಳ್ಳಿ.

ಮಜ್ಜಿಗೆ_ಮೆಣಸಿನಕಾಯಿ

ಇದಕ್ಕೆ ನನ್ನದೂ ಸೇರಿಸಿ. ಬಿಲ್‌ನಲ್ಲಿ ದೊಡ್ಡ ಪಾಲು "ಇಂಪ್ಲಾಂಟ್" ಅಂತ ಒಂದೇ ಸಾಲು. ಯಾವ ಕಂಪನಿ, ಎಷ್ಟು ಸ್ಕ್ರೂ, ಒಂದರ ಬೆಲೆ ಏನು, ಏನೂ ಇಲ್ಲ. ಪ್ರತಿ ಸ್ಕ್ರೂ ಡಬ್ಬಿಯ ಮೇಲೆ ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ, ಅದನ್ನು ನಿಮ್ಮ ಫೈಲಿಗೆ ಹಚ್ಚಬೇಕು ಅಂತ ನನ್ನ ತಮ್ಮ ಜಗಳ ಮಾಡಿದ ಮೇಲೆ ಕೊಟ್ಟರು. ಜಗಳ ಮಾಡುವ ತಮ್ಮ ಇದ್ದರೆ ಕರೆದುಕೊಂಡು ಹೋಗಿ.

ಬಿಸಿಲು_ಬಿಜಾಪುರ

ಎಲ್ಲ ಆಯಿತು. ನನ್ನ ಅಭಿಪ್ರಾಯ ಬದಲಾಗಿಲ್ಲ. ಬರೀ ಸೊಂಟ ನೋವು, ಕಾಲಿಗೆ ಏನೂ ಇಲ್ಲ, ಎಲುಬು ಅಲ್ಲಾಡುವುದಿಲ್ಲ ಅನ್ನುವವರಿಗೂ ಫ್ಯೂಷನ್ ಹೇಳುತ್ತಿದ್ದಾರೆ. ಅದಕ್ಕೆ ನನ್ನ ವಿರೋಧ. 2005ರಲ್ಲಿ ಬ್ರಿಟನ್ನಿನವರು ಹಳೆಯ ಸೊಂಟ ನೋವಿನ ಜನರನ್ನು ಎರಡು ಭಾಗ ಮಾಡಿ ನೋಡಿದರು. ಒಂದು ಕಡೆ ಫ್ಯೂಷನ್, ಇನ್ನೊಂದು ಕಡೆ ಗಟ್ಟಿ ವ್ಯಾಯಾಮದ ಶಿಬಿರ. ಆಪರೇಷನ್ನೇ ಮೇಲು ಅನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. ದುರ್ಬೀನು ಬಂದು ಆಗಿರುವುದು ಏನಂದರೆ, ಆಪರೇಷನ್‌ಗೆ ಹೂಂ ಅನ್ನುವುದು ಸುಲಭವಾಗಿದೆ. ಗೇಣುದ್ದ ಗೆರೆ ಅಂದರೆ ಜನ ಹತ್ತು ಸಲ ಯೋಚಿಸುತ್ತಿದ್ದರು.

ಎಲುಬು_ನರ

ಈ ಮಾತಿಗೆ ನನ್ನ ತಕರಾರು ಇಲ್ಲ.

ಇಳಕಲ್_ಸೆರಗು

ಬಂದೆ. ಎಕ್ಸ್‌ರೇ ಆಯಿತು. ಬಾಗಿದರೂ ಎದ್ದರೂ ಎಲುಬು ಇದ್ದಲ್ಲೇ ಇದೆಯಂತೆ. ಪಾದದ ನಾಡಿ ಚೆನ್ನಾಗಿದೆ. ಕಾಲಿನ ಶಕ್ತಿಯೂ ಇದೆ. ಅದೇ ಬೆಳಗಾವಿಯ ಡಾಕ್ಟರಿಗೆ ತೋರಿಸಿದೆ. ನೀವೆಲ್ಲ ಬೈದ ಹಾಗೆ ಅವರೇನೂ ಇಲ್ಲಪ್ಪ. ಎಕ್ಸ್‌ರೇ ಹಿಡಿದು ಬಹಳ ಹೊತ್ತು ನೋಡಿದರು, "ಇದಕ್ಕೆ ಸ್ಕ್ರೂ ಇಲ್ಲದೆ ನಡೆಯಬಹುದು. ಮೊದಲು ಶುಗರ್ ಇಳಿಸಿ, ವ್ಯಾಯಾಮ ಮಾಡಿಸಿ, ಆಗದಿದ್ದರೆ ನರ ಮಾತ್ರ ಬಿಡಿಸೋಣ" ಅಂದರು. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 8.6 ಬಂದಿದೆ. ಅಷ್ಟು ಇಟ್ಟುಕೊಂಡು ಬ್ಲೇಡ್ ಮುಟ್ಟುವುದಿಲ್ಲ ಅಂದರು.

ಅವ್ವನ ಪ್ರಶ್ನೆ ಒಂದೇ. ನಿಮಗೆಲ್ಲ ಕೇಳು ಅಂದಿದ್ದಾಳೆ. ಮಗ್ಗಕ್ಕೆ ಕೂರಬಹುದಾ? ಒಂದು ಸೀರೆ ಅರ್ಧಕ್ಕೆ ನಿಂತಿದೆ. ಟೋಪಿ ತೆನಿ ಸೆರಗು ಬಾಕಿ ಇದೆ, ಅದನ್ನು ಬೇರೆಯವರ ಕೈಗೆ ಕೊಡಲ್ಲ ಅಂತಾಳೆ.

ಫಿಸಿಯೋ_ವೈನಿ

ಕೂರಬಹುದು. ಕೂತಾಗ ಅವರಿಗೆ ಆರಾಮ ತಾನೇ. ಆದರೆ ಒಂದೇ ಸಮನೆ ಬೇಡ. ಅರ್ಧ ತಾಸಿಗೆ ಒಮ್ಮೆ ಎದ್ದು ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಲಿ. ಹಲಗೆ ಮೇಲೆ ದಪ್ಪ ದಿಂಬು ಹಾಕಿ ಸೊಂಟ ಮೊಣಕಾಲಿಗಿಂತ ಸ್ವಲ್ಪ ಎತ್ತರ ಇರುವ ಹಾಗೆ ನೋಡಿಕೊಳ್ಳಿ. ತೊಂದರೆ ಆಗುವುದು ಗುಂಡಿಯಿಂದ ಮೇಲೆ ಏಳುವಾಗ. ಸೊಂಟ ತಿರುಗಿಸಿ, ಒಂದು ಕೈ ಊರಿ ಎದ್ದುಬಿಡುತ್ತಾರೆ ಎಲ್ಲರೂ. ಪಕ್ಕದ ಗೋಡೆಗೆ ಒಂದು ಹಿಡಿಕೆ ಹೊಡೆಸಿ. ನೂಲಿನ ಗಂಟು ಅವರು ಎತ್ತಬಾರದು.

ಜಮಖಂಡಿ_ಬಸ್‌ಸ್ಟ್ಯಾಂಡ್

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಅಪ್ಪನಿಗೂ ಸೊಂಟ ನೋವು, ಎಲ್5-ಎಸ್1 ಡಿಸ್ಕ್. ಇದೇ ದುರ್ಬೀನಿಗೆ ಮುಂದಿನ ವಾರ ತೋರಿಸಬೇಕು ಅಂತಿದ್ದೆವು. ನಿನ್ನೆ ರಾತ್ರಿ ಮೂಟೆ ಎತ್ತಿದರು. ಇವತ್ತು ಬೆಳಗ್ಗೆಯಿಂದ ಎರಡೂ ಕಾಲು ಸೋತ ಹಾಗೆ, ಪಾದ ಎತ್ತಲು ಬರುತ್ತಿಲ್ಲ. ಕೂರುವ ಜಾಗ ಮರಗಟ್ಟಿದೆ ಅಂತಾರೆ. ಮೂತ್ರವೂ ಬಂದಿಲ್ಲ. ಯಾವ ಮಾತ್ರೆ ಕೊಡಬಹುದು?

ಎಲುಬು_ನರ

ಮಾತ್ರೆ ಬೇಡ. ಈಗಲೇ ಹೊರಡಿ. ಕೆಳಗಿನ ನರಗಳ ಗೊಂಚಲು ಪೂರ್ತಿ ಒತ್ತಿಹೋಗಿರಬಹುದು. ತಡವಾದಷ್ಟು ಮೂತ್ರದ ಹಿಡಿತ ವಾಪಸ್ ಬರುವುದು ಕಷ್ಟ. ಇದಕ್ಕೆ ಮುಂದಿನ ವಾರ ಇಲ್ಲ. ದುರ್ಬೀನೋ ತೆರೆದದ್ದೋ ಅಂತ ಯೋಚಿಸುತ್ತಾ ಕೂರಬೇಡಿ, ಯಾರು ಇವತ್ತೇ ನರ ಬಿಡಿಸುತ್ತಾರೋ ಅವರ ಬಳಿ. 108ಕ್ಕೆ ಫೋನ್ ಮಾಡಿ. ಹಳೆಯ ಎಂಆರ್‌ಐ ಇದ್ದರೆ ಜೊತೆಗಿರಲಿ. ದಾರಿಯಲ್ಲಿ ಊಟ, ಚಹಾ ಏನೂ ಕೊಡಬೇಡಿ.

ಕೌಂಟರ್_ನಂ_3

ತುರ್ತು ಇದ್ದರೆ ರೆಫರಲ್ ಚೀಟಿ ಬೇಕಾಗಿಲ್ಲ. ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಹೋಗಿ. ಇಲ್ಲದಿದ್ದರೂ ಹೋಗಿ, ಆಮೇಲೆ ತರಿಸಬಹುದು.

ಜಮಖಂಡಿ_ಬಸ್‌ಸ್ಟ್ಯಾಂಡ್

ಗಾಡಿ ಬಂತು. ಬೆಳಗಾವಿಗೆ ಹೋಗಲಾ, ವಿಜಯಪುರಕ್ಕಾ?

ಸ್ಟೇರಿಂಗ್_ಕಾಕಾ

ವಿಜಯಪುರ. ಅರ್ಧಕ್ಕಿಂತ ಕಡಿಮೆ ದಾರಿ. ಅಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಹಗಲು ರಾತ್ರಿ ತೆರೆದಿರುತ್ತದೆ. ಊರು ಸೇರಿದ ಮೇಲೆ ದಾರಿ ತಿಳಿಯದಿದ್ದರೆ ಇಲ್ಲೇ ಬರೆಯಪ್ಪಾ, ನಾನು ಗಾಡಿ ತೆಗೆದುಕೊಂಡು ಬರುತ್ತೇನೆ.